ಗಂಗಾವತಿಯ ಗೋದಾಮಿನಲ್ಲಿ ಕ್ಯಾಟಮರಾನ್: ಎರಡನೇ ಒಡಲೂ ಎದ್ದು ನಿಂತಿತು

ನಾವು ಕಟ್ಟುತ್ತಿರುವುದು ಕ್ಯಾಟಮರಾನ್, ಅಂದರೆ ಎರಡು ಒಡಲುಗಳನ್ನು ಜೋಡಿಸಿದ ದೋಣಿ. ಅದರ ಎರಡನೇ ಒಡಲಿನ ಹಲಗೆಗಳ ಹೊಲಿಗೆ ಮುಗಿಯಿತು. ಒಳಗಿನ ಅಡ್ಡಗೋಡೆಗಳು ಕೂತವು. ಮೂಲೆಮೂಲೆಗೂ ಎಪಾಕ್ಸಿ ಅನ್ನುವ ಗಟ್ಟಿ ಅಂಟಿನ ಪೇಸ್ಟ್ ಹಿಡಿಸಿದ್ದಾಯಿತು. ಮೊದಲನೇ ಒಡಲು ಪಕ್ಕದಲ್ಲೇ ಬೋರಲಾಗಿ ಮಲಗಿದೆ. ಅದರ ಹೊರಮೈಗೆ ಗಾಜಿನ ಎಳೆಯಿಂದ ನೇಯ್ದ ಗ್ಲಾಸ್ ಬಟ್ಟೆ ಹಾಕಿ, ಉಜ್ಜಿ ನುಣುಪು ಮಾಡಿದ್ದೇವೆ. ಗೋದಾಮಿನ ಬಾಗಿಲಲ್ಲಿ ನಿಂತು ನೋಡಿದರೆ ಇದು ಹಾಯಿದೋಣಿ ಅಂತ ಈಗ ಯಾರಿಗಾದರೂ ಗೊತ್ತಾಗುತ್ತದೆ.

ಕೆಲಸ ನಡೆಯುತ್ತಿರುವುದು ಗಂಗಾವತಿಯಲ್ಲಿ, ಗೆಳೆಯರೊಬ್ಬರ ಹಳೆಯ ರೈಸ್ ಮಿಲ್‌ನ ಖಾಲಿ ಗೋದಾಮಿನಲ್ಲಿ. ಕಾರವಾರದ ಸಮುದ್ರ ಇಲ್ಲಿಂದ ರಸ್ತೆಯಲ್ಲಿ 300 ಕಿಲೋಮೀಟರಿಗೂ ದೂರ. ನಾನು ತುಂಗಭದ್ರಾ ಎಡದಂಡೆ ನಾಲೆಯ ಗೇಟುಗಳ ಜೊತೆ ನೌಕರಿ ಮುಗಿಸಿದವನು. ನನ್ನ ಹೆಂಡತಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಇಬ್ಬರೂ ನಿವೃತ್ತರು. ಈ ದೋಣಿಯಲ್ಲಿ ಮಂಗಳೂರಿನಿಂದ ಲಕ್ಷದ್ವೀಪದ ಕವರಟ್ಟಿಗೆ ಹೋಗಬೇಕು ಅನ್ನುವುದು ನಮ್ಮ ಗುರಿ. ನೇರ ಗೆರೆ ಎಳೆದರೆ ಸುಮಾರು 350 ಕಿಲೋಮೀಟರ್ ನೀರು.

ಕಟ್ಟುತ್ತಿರುವ ನಕ್ಷೆ ಜೇಮ್ಸ್ ವಾರಮ್ ಅವರ ಟಿಕಿ 21. ಉದ್ದ 21 ಅಡಿ, ಅಗಲ 12 ಅಡಿ ಆಸುಪಾಸು. ವಾರಮ್ ಇಂಗ್ಲೆಂಡಿನವರು. 1950ರ ದಶಕದಲ್ಲಿ ತಾವೇ ಕಟ್ಟಿದ ಟಂಗರೋವಾ ಅನ್ನುವ ಸಣ್ಣ ಕ್ಯಾಟಮರಾನ್‌ನಲ್ಲಿ, ಇಬ್ಬರು ಜರ್ಮನ್ ಯುವತಿಯರ ಜೊತೆ ಅಟ್ಲಾಂಟಿಕ್ ದಾಟಿದವರು. ಆಮೇಲೆ ಬದುಕಿಡೀ ಮನೆಯಲ್ಲೇ ದೋಣಿ ಕಟ್ಟಿಕೊಳ್ಳುವವರಿಗೆ ನಕ್ಷೆ ಬರೆದರು. 2021ರಲ್ಲಿ ತೀರಿಕೊಂಡರು. ಇದೇ ಟಿಕಿ 21 ದೋಣಿಯಲ್ಲಿ ರೋರಿ ಮೆಕ್‌ಡೂಗಲ್ ಅನ್ನುವವರು 1991ರಿಂದ 1997ರವರೆಗೆ ಭೂಮಿಯನ್ನೇ ಸುತ್ತಿ ಬಂದರು. ಅಂದರೆ ದೋಣಿಯ ಶಕ್ತಿಯ ಬಗ್ಗೆ ಅನುಮಾನ ಬೇಡ. ಕಟ್ಟುವವರ ಕೈ ಗಟ್ಟಿ ಇರಬೇಕು, ಅಷ್ಟೇ. ನನಗಂತೂ ಇಡೀ ಕೆಲಸ ಜಾಯಿಂಟುಗಳ ಪ್ರಶ್ನೆ ಅನ್ನಿಸಿದೆ. ಹಲಗೆ ಎಷ್ಟೇ ಒಳ್ಳೆಯದಿರಲಿ, ಸಮುದ್ರ ಹುಡುಕುವುದು ಜಾಯಿಂಟನ್ನೇ.

ಮೊದಲು ಪ್ಲೈವುಡ್ ವಿಷಯ. ಐಎಸ್ 710 ಅನ್ನುವ ಭಾರತೀಯ ಮಾನದಂಡದ ಗುರುತಿರುವ ಮರೀನ್ ಪ್ಲೈ, ಅಂದರೆ ನೀರು ತಡೆಯುವ ಪ್ಲೈವುಡ್ ಬೇಕು. ಆ ಗುಣಮಟ್ಟದ ಹಾಳೆ ಕುದಿಯುವ ನೀರಿನಲ್ಲಿ 72 ಗಂಟೆ ಇದ್ದರೂ ಪದರ ಬಿಡಬಾರದು. ಒಂದು ಕಡೆ ಕೊಂಡ ಮಾದರಿ ತುಂಡಿನ ಮೇಲೆ ಸೀಲು ಚೆನ್ನಾಗಿಯೇ ಇತ್ತು. ಹಿತ್ತಲಲ್ಲಿ ಒಲೆ ಹೂಡಿ ಕುದಿಸಿದೆವು, ಮಾರನೇ ದಿನವೇ ಪದರ ಬಿಚ್ಚಿಕೊಂಡಿತು. ಬೇರೆ ಕಡೆಯಿಂದ ತಂದ ತುಂಡು ಪೂರ್ತಿ ಕುದಿದರೂ ಹಾಗೇ ಉಳಿಯಿತು. ಎಲ್ಲ ಹಾಳೆಗಳನ್ನೂ ಅಲ್ಲೇ ಕೊಂಡೆವು. ದೋಣಿ ಕಟ್ಟಬೇಕು ಅನ್ನುವವರು ದಯವಿಟ್ಟು ಸೀಲು ನೋಡಿ ಸುಮ್ನೆ ನಂಬಬೇಡಿ, ಕುದಿಸಿ ನೋಡಿ. ಕಟ್ಟಿಗೆ ಖರ್ಚು ಏನೂ ಅಲ್ಲ.

ಇನ್ನೊಂದು ಮಾತು ತೂಕದ್ದು. ಹೊರದೇಶಗಳಲ್ಲಿ ಈ ದೋಣಿಗೆ ಓಕುಮೆ ಅನ್ನುವ ಹಗುರ ಮರದ ಪ್ಲೈ ಜಾಸ್ತಿ ಬಳಸುತ್ತಾರೆ. ನಮ್ಮಲ್ಲಿ ಸಿಗುವುದು ಗಟ್ಟಿ ಮರದ್ದು. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ 6 ಮಿಲಿಮೀಟರ್ ಹಾಳೆ ನಮ್ಮ ತಕ್ಕಡಿಯಲ್ಲಿ 12 ಕಿಲೋ ದಾಟಿತು. ಓಕುಮೆ ಆಗಿದ್ದರೆ ಒಂಬತ್ತರ ಒಳಗೆ ಇರುತ್ತಿತ್ತು. ಈ ಹೆಚ್ಚಿನ ತೂಕವನ್ನೆಲ್ಲ ನಾವು ಸಾಮಾನಿನಲ್ಲಿ ಕಡಿಮೆ ಮಾಡಬೇಕು. ಎಂಜಿನ್ ಚಿಕ್ಕದು, ಒಲೆ ಒಂದೇ, ಬಟ್ಟೆಬರೆ ಒಂದೊಂದು ಚೀಲ. ಕುಡಿಯುವ ನೀರಿನಲ್ಲಿ ಮಾತ್ರ ಒಂದು ಲೀಟರೂ ಬಿಡುವುದಿಲ್ಲ ಅಂತ ತೀರ್ಮಾನ ಮಾಡಿದ್ದೇವೆ.

ಎಂಟು ಅಡಿ ಹಾಳೆಯಿಂದ 21 ಅಡಿ ಉದ್ದ ಬರಬೇಕಾದರೆ ತುದಿಗೆ ತುದಿ ಸೇರಿಸಬೇಕು. ನಾನು ಸ್ಕಾರ್ಫ್ ಜಾಯಿಂಟ್ ಆರಿಸಿಕೊಂಡೆ. ದಪ್ಪದ ಎಂಟು ಪಟ್ಟು ಉದ್ದಕ್ಕೆ ಇಳಿಜಾರು ಕೊಯ್ದು, ಒಂದರ ಮೇಲೊಂದು ಕೂರಿಸಿ ಅಂಟಿಸುವುದು. 6 ಮಿಲಿಮೀಟರ್ ಹಾಳೆಗೆ 48 ಮಿಲಿಮೀಟರ್ ಇಳಿಜಾರು. ಪ್ಲೈವುಡ್‌ನ ಪದರಗಳೇ ಇಲ್ಲಿ ದಾರಿ ತೋರಿಸುತ್ತವೆ. ಅಂಟಿನ ಗೆರೆಗಳು ನೇರ ಪಟ್ಟೆಗಳಾಗಿ ಕಂಡರೆ ಇಳಿಜಾರು ಸರಿ ಇದೆ ಅಂತ ಅರ್ಥ. ವಕ್ರವಾದರೆ ಆ ಜಾಗದಲ್ಲಿ ಇನ್ನೂ ಕೆತ್ತಬೇಕು.

ಹಾಳೆಗಳು ಉದ್ದವಾದ ಮೇಲೆ ಒಡಲಿನ ಎರಡೂ ಬದಿ ಕತ್ತರಿಸಿ, ಒಂದರ ಮೇಲೊಂದು ಮಲಗಿಸಿ, ತಳದ ಅಂಚಿನ ಉದ್ದಕ್ಕೂ ತೂತು ಕೊರೆದು ತಾಮ್ರದ ತಂತಿಯಿಂದ ಹೊಲಿಯುತ್ತೇವೆ. ಆಮೇಲೆ ಪುಸ್ತಕ ಬಿಚ್ಚಿದ ಹಾಗೆ ಎರಡೂ ಬದಿಗಳನ್ನು ಅಗಲಿಸುವುದು. ಅದುವರೆಗೆ ಚಪ್ಪಟೆ ಇದ್ದ ಹಲಗೆ ತಾನೇ ಬಾಗಿ ದೋಣಿಯ ಆಕಾರ ತೆಗೆದುಕೊಳ್ಳುತ್ತದೆ. ಆ ಹೊತ್ತಿಗೆ ಗೋದಾಮಿನಲ್ಲಿದ್ದ ಹಮಾಲರೆಲ್ಲ ಕೈಗೂಡಿಸಿದರು. ಎರಡನೇ ಸಲವೂ ನನಗೆ ಮೈ ಜುಂ ಅಂದಿತು. ವಿ ಆಕಾರದ ಈ ಒಡಲಿಗೆ ಕೆಳಗೆ ಬೇರೆ ರೆಕ್ಕೆ ಬೇಕಿಲ್ಲ. ಅಡ್ಡಕ್ಕೆ ಜಾರದ ಹಾಗೆ ಅದರ ಚೂಪಾದ ತಳವೇ ನೀರನ್ನು ಹಿಡಿಯುತ್ತದೆ. ಒಂದು ಅಡಿಗೆ ಸ್ವಲ್ಪ ಮೇಲೆ ನೀರಿದ್ದರೂ ತೇಲುತ್ತದೆ.

ಈಗ ಎಪಾಕ್ಸಿ. ಇಲ್ಲಿ ನಿಧಾನವಾಗಿ ಹೇಳಬೇಕು. ಯಾಕೆಂದರೆ ನಮ್ಮ ಕಡೆ ಬಿಸಿಲು ಎಂಥದ್ದು ಅಂತ ಗೊತ್ತಲ್ವಾ? ಏಪ್ರಿಲ್, ಮೇನಲ್ಲಿ ಹೊರಗೆ 40 ಡಿಗ್ರಿ, ತಗಡಿನ ಕೆಳಗೆ ಇನ್ನೂ ಜಾಸ್ತಿ. ಎಪಾಕ್ಸಿಯಲ್ಲಿ ರೆಸಿನ್ ಅನ್ನುವ ಅಂಟುದ್ರವ ಮತ್ತು ಅದನ್ನು ಗಟ್ಟಿ ಮಾಡುವ ಹಾರ್ಡನರ್ ಸೇರಿದ ಕೂಡಲೇ ತಾನೇ ಬಿಸಿಯಾಗುತ್ತದೆ. ಸುತ್ತಲಿನ ಶಾಖ ಹತ್ತು ಡಿಗ್ರಿ ಏರಿದರೆ ಗಟ್ಟಿಯಾಗುವ ವೇಗ ಹೆಚ್ಚುಕಡಿಮೆ ಎರಡು ಪಟ್ಟು. 25 ಡಿಗ್ರಿಯಲ್ಲಿ ಅರ್ಧ ಗಂಟೆ ಕೈಗೆ ಸಿಗುವ ಮಿಶ್ರಣ 35ರಲ್ಲಿ ಕಾಲು ಗಂಟೆಗೆ ಮುಗಿಯುತ್ತದೆ. ಅದನ್ನು ಆಳದ ಮಗ್ಗಿನಲ್ಲಿ ಬಿಟ್ಟರೆ ಶಾಖ ಹೊರಗೆ ಹೋಗಲು ದಾರಿ ಇಲ್ಲದೆ ಹೊಗೆ ಏಳುತ್ತದೆ.

ಅದಕ್ಕೇ ಕೆಲಸ ಬೆಳಗಿನ ಜಾವ ಐದಕ್ಕೆ ಶುರು. ನಿಧಾನದ ಹಾರ್ಡನರ್ ಮಾತ್ರ. ಒಂದು ಸಲಕ್ಕೆ ಸ್ವಲ್ಪವೇ ಕಲಸಿ, ಅಗಲದ ತಟ್ಟೆಗೆ ಸುರಿದು ತೆಳ್ಳಗೆ ಹರಡುವುದು. ರೆಸಿನ್ ಡಬ್ಬಿಯನ್ನು ಹಿಂದಿನ ರಾತ್ರಿಯೇ ನೀರಿನ ಬಾನಿಯಲ್ಲಿ ಇಟ್ಟಿರುತ್ತೇವೆ. ಬಾಯಿ ಮಾತ್ರ ಬಿಗಿ ಇರಬೇಕು, ಒಂದು ಹನಿ ನೀರೂ ಒಳಗೆ ಹೋಗಬಾರದು. ಅಳತೆ ನನ್ನ ಹೆಂಡತಿಯ ಖಾತೆ. ಎಲೆಕ್ಟ್ರಾನಿಕ್ ತಕ್ಕಡಿ, ಒಂದು ನೋಟ್‌ಬುಕ್, ಪ್ರತಿ ಮಿಶ್ರಣಕ್ಕೂ ಹೊತ್ತು, ಶಾಖ, ತೂಕ. ನಾನು ಗಡಿಬಿಡಿ ಮಾಡಿದರೆ ಅವಳದು ಒಂದೇ ಮಾತು: "ರೀ, ತೂಕ ಆಗೂತನಕ ಕೈ ಹಚ್ಚಬ್ಯಾಡ್ರಿ." ಅವಳು ಹೇಳುವುದು ನೂರಕ್ಕೆ ನೂರು ಸರಿ. ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್ ಜಾಸ್ತಿ ಹಾಕುವುದು, ನಿಧಾನ ಆಗಲಿ ಅಂತ ಕಡಿಮೆ ಹಾಕುವುದು ಎಪಾಕ್ಸಿಯಲ್ಲಿ ನಡೆಯುವುದಿಲ್ಲ. ಅಳತೆ ತಪ್ಪಿದರೆ ಅದು ಯಾವತ್ತೂ ಪೂರ್ತಿ ಗಟ್ಟಿಯಾಗದು.

ಬರೀ ಮರಕ್ಕೆ ಮೊದಲ ಕೈ ಬಳಿಯುವುದು ಮಾತ್ರ ಬೆಳಿಗ್ಗೆ ಅಲ್ಲ, ಸಂಜೆ. ಹೊತ್ತು ಏರುತ್ತಿದ್ದ ಹಾಗೆ ಮರದೊಳಗಿನ ಗಾಳಿ ಹಿಗ್ಗಿ ಹೊರಗೆ ಬರುತ್ತದೆ. ಆಗ ಬಳಿದರೆ ಮೈತುಂಬ ಗುಳ್ಳೆ. ಸಂಜೆ ಮರ ತಣ್ಣಗಾಗುವಾಗ ಬಳಿದರೆ ಅದೇ ಗಾಳಿ ಕುಗ್ಗಿ ಎಪಾಕ್ಸಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಇದನ್ನು ಕಣ್ಣಾರೆ ನೋಡಿ ನನಗೆ ಬಹಳ ಸಂತೋಷವಾಯಿತು.

ನಮ್ಮ ಬಿಸಿಲಿನಿಂದ ಎರಡು ದೊಡ್ಡ ಉಪಕಾರವೂ ಇದೆ. ಒಂದು, ಗಾಳಿ ಒಣ. ತೇವ ಇರುವ ಕಡೆ ಎಪಾಕ್ಸಿಯ ಮೇಲೆ ಮೇಣದಂಥ ಜಿಡ್ಡು ಪದರ ಕೂರುತ್ತದೆ. ಅದನ್ನು ನೀರು ಹಾಕಿ ತಿಕ್ಕಿ ತೊಳೆಯದೆ ಮುಂದಿನ ಕೈ ಬಳಿದರೆ ಹಿಡಿಯುವುದಿಲ್ಲ. ನಮ್ಮಲ್ಲಿ ಬೇಸಿಗೆಯಲ್ಲಿ ಆ ಕಾಟ ಬಹಳ ಕಡಿಮೆ. ಆದರೂ ತೊಳೆಯುವುದನ್ನು ಬಿಟ್ಟಿಲ್ಲ. ಎರಡು, ಗಟ್ಟಿಯಾದ ಮೇಲೆ ತಗಡಿನ ಕೆಳಗಿನ ಕಾವಿನಲ್ಲಿ ಕೆಲವು ದಿನ ಇದ್ದರೆ ಎಪಾಕ್ಸಿ ಇನ್ನಷ್ಟು ಪಕ್ವವಾಗಿ, ಶಾಖ ತಡೆಯುವ ಶಕ್ತಿ ಹೆಚ್ಚುತ್ತದೆ. ಚಳಿದೇಶದವರು ಇದಕ್ಕೆ ಹೀಟರ್ ಇಡುತ್ತಾರೆ. ಇಷ್ಟಾದರೂ ದೋಣಿಗೆ ಬಿಳಿ ಬಣ್ಣವೇ ಗತಿ. ಕಪ್ಪು, ಕಡುನೀಲಿ ಬಳಿದರೆ ಬಿಸಿಲಿಗೆ ಮೈ ಸುಡುವಷ್ಟಾಗಿ ಅಂಟು ಮೆತ್ತಗಾಗುವ ಭಯ.

ಕೈಗವಸು, ಮಾಸ್ಕ್ ಬಗ್ಗೆ ರಾಜಿ ಇಲ್ಲ. ಎಪಾಕ್ಸಿ ಅಲರ್ಜಿ ಒಮ್ಮೆ ಅಂಟಿದರೆ ಜನ್ಮಪೂರ್ತಿ ಬಿಡುವುದಿಲ್ಲ.

ಮೂಲೆಗಳಿಗೆ ಹಿಡಿಸುವ ಪೇಸ್ಟ್ ಅಂದರೆ ಎಪಾಕ್ಸಿಗೆ ಸಣ್ಣ ಮರದ ಪುಡಿ ಕಲಸಿದ್ದು. ಎರಡು ಹಲಗೆ ಸೇರುವ ಒಳಮೂಲೆಯಲ್ಲಿ ಅದನ್ನು ತುಂಬಿ, ದುಂಡು ತುದಿಯ ಪಟ್ಟಿಯಿಂದ ಎಳೆದರೆ ಬಾಗಿದ ಅಂಚು ಬರುತ್ತದೆ. ಅದರ ಮೇಲೆ ಗ್ಲಾಸ್ ಪಟ್ಟಿ. ದೋಣಿಯ ನಿಜವಾದ ಬಲ ಇಲ್ಲೇ. ಭಾರ ಒಂದೇ ಗೆರೆಯ ಮೇಲೆ ಬೀಳದೆ ಅಗಲಕ್ಕೆ ಹಂಚಿಹೋಗುತ್ತದೆ.

ಈ ಕೆಲಸಕ್ಕೆ ಸಲಹೆ ಸಿಕ್ಕಿದ್ದು ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ. ಅಲ್ಲಿನ ಚಿತ್ರಗಾರರು ಹಗುರ ಮರದ ಗೊಂಬೆಗಳ ತುಂಡುಗಳನ್ನು ಕೂಡಿಸಲು ಕಿಟ್ಟ ಅನ್ನುವ ಪೇಸ್ಟ್ ಮಾಡುತ್ತಾರೆ. ನೆನೆಸಿ ಒಣಗಿಸಿ ಪುಡಿ ಮಾಡಿದ ಗೋಣಿ ಚಿಂದಿ, ಮರದ ಪುಡಿ, ಹುಣಸೆ ಬೀಜದ ಅಂಟು. ನಾನು ನನ್ನ ಪೇಸ್ಟ್‌ನ ಒಂದು ತುಂಡು ಒಯ್ದು ಹಿರಿಯರೊಬ್ಬರಿಗೆ ತೋರಿಸಿದೆ. ಉಗುರಿನಿಂದ ಗೀಚಿ ನೋಡಿದರು. "ಪುಡಿ ಇನ್ನೂ ಸಣ್ಣ ಜರಡಿ ಹಿಡೀರಿ. ದಪ್ಪ ಉಳಿದ್ರ ಒಳಗ ಸಂದಿ ಉಳೀತೈತಿ" ಅಂದರು. ಮರಳಿ ಬಂದು ಬಟ್ಟೆಯಲ್ಲಿ ಸೋಸಿದ ಪುಡಿಯನ್ನೇ ಬಳಸಿದೆವು. ಎರಡನೇ ಒಡಲಿನ ಮೂಲೆಗಳು ಮೊದಲನೆಯದಕ್ಕಿಂತ ಎಷ್ಟೋ ಒತ್ತಾಗಿ ಬಂದಿವೆ. ತಲೆಮಾರುಗಳಿಂದ ಮರ ಕೂಡಿಸುತ್ತಾ ಬಂದ ಊರು ಪಕ್ಕದಲ್ಲೇ ಇರುವುದು ನಮ್ಮ ಪುಣ್ಯ.

ಹೊಲಿದ ದೋಣಿ ನಮ್ಮ ನಾಡಿಗೆ ಹೊಸದೂ ಅಲ್ಲ. ತೆಂಗಿನ ನಾರಿನ ಹಗ್ಗದಿಂದ ಹಲಗೆಗಳನ್ನು ಹೊಲಿದು ಕಟ್ಟಿದ ಐಎನ್‌ಎಸ್‌ವಿ ಕೌಂಡಿನ್ಯ ಹಡಗು 2025ರ ಮೇನಲ್ಲಿ ನಮ್ಮ ಕಾರವಾರದಲ್ಲೇ ನೌಕಾಪಡೆ ಸೇರಿತು. ಅಜಂತಾದ ಚಿತ್ರವೊಂದರಲ್ಲಿರುವ ಹಡಗೇ ಅದಕ್ಕೆ ಮಾದರಿ. ನಮ್ಮ ತಾಮ್ರದ ಹೊಲಿಗೆ ಅಂಟು ಹಿಡಿಯುವವರೆಗೆ ಮಾತ್ರ, ಅವರದು ಹಡಗಿನ ಆಯುಸ್ಸು ಇರುವವರೆಗೆ. ಆ ಕೆಲಸದ ಮುಂದೆ ನಮ್ಮದು ಬಹಳ ಸಣ್ಣದು.

ನಮ್ಮ ದೋಣಿಯಲ್ಲೂ ಹಗ್ಗಕ್ಕೆ ದೊಡ್ಡ ಪಾತ್ರ ಇದೆ. ಎರಡು ಒಡಲುಗಳನ್ನು ಕೂಡಿಸುವ ಮೂರು ತೊಲೆಗಳಿಗೆ ಬೋಲ್ಟ್ ಇಲ್ಲ, ಹಗ್ಗದ ಕಟ್ಟು. ಚುಕ್ಕಾಣಿಯನ್ನೂ ಕಬ್ಬಿಣದ ತಿರುಗಣಿ ಇಲ್ಲದೆ ಹಗ್ಗದಿಂದಲೇ ಹೆಣೆಯುವುದು. ಅಲೆ ಒಂದು ಒಡಲನ್ನು ಎತ್ತಿ ಇನ್ನೊಂದನ್ನು ಇಳಿಸಿದಾಗ ಕಟ್ಟು ಕೂದಲೆಳೆಯಷ್ಟು ಸಡಿಲ ಕೊಡುತ್ತದೆ, ಮರ ಸೀಳುವುದಿಲ್ಲ. ಬೋಲ್ಟ್ ಆದರೆ ಅದೇ ತೂತಿನ ಸುತ್ತ ಎಲ್ಲ ಬಲ ಬೀಳುತ್ತದೆ, ಅಲ್ಲೇ ನೀರು ಇಳಿದು ಮರ ಕೊಳೆಯುತ್ತದೆ. ನೈಲಾನ್ ಹಗ್ಗ ಜಗ್ಗಿ ಸಡಿಲಾಗುತ್ತದೆ. ಮೊದಲೇ ಜಗ್ಗಿಸಿ ತಯಾರಿಸಿದ ಪಾಲಿಯೆಸ್ಟರ್ ಹಗ್ಗವೇ ಬೇಕು.

ಮಾದರಿ ತೊಲೆಯೊಂದನ್ನು ಕಟ್ಟಿ ನೋಡುವಾಗ, ಭತ್ತದ ಲಾರಿಗೆ ಹಗ್ಗ ಬಿಗಿದು ಕೈ ಪಳಗಿದ ಹಿರಿಯ ಹಮಾಲರು ಬಂದರು. "ಸಾಹೇಬ್ರ, ನಡುವ ಅಡ್ಡ ಸುತ್ತು ಹಾಕಿ ಜಗ್ಗ್ರಿ, ಆಗ ಬಿಗಿ ಬರ್ತೈತಿ" ಅಂದು ತಾವೇ ಹಾಕಿ ತೋರಿಸಿದರು. ನಕ್ಷೆಯಲ್ಲಿ ಬರೆದಿರುವುದೂ ಅದನ್ನೇ. ಪ್ರತಿ ಜಾಗದಲ್ಲೂ ಒಂದೇ ಉದ್ದ ಹಗ್ಗದ ಬದಲು ಬೇರೆ ಬೇರೆ ತುಂಡುಗಳ ಕಟ್ಟು ಹಾಕಬೇಕು ಅಂತ ನಾನು ನಿರ್ಧರಿಸಿದ್ದೇನೆ. 2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದದ್ದನ್ನು ಈ ಭಾಗದ ಯಾರೂ ಮರೆತಿಲ್ಲ. ಒಂದು ಹೋದರೆ ಇನ್ನೊಂದು ಹಿಡಿದಿರಬೇಕು. ಸಮುದ್ರದ ನಡುವೆ ಅದಕ್ಕಿಂತ ದೊಡ್ಡ ಧೈರ್ಯ ಇಲ್ಲ.

ದೋಣಿ ಬಿಚ್ಚುವಂಥದ್ದಾದ್ದರಿಂದ ಸಾಗಿಸುವುದು ಕಷ್ಟವಲ್ಲ. ಎರಡು ಒಡಲು, ತೊಲೆ, ಹಾಯಿ ಏರಿಸುವ ಕೂವೆಮರ ಎಲ್ಲ ಒಂದೇ ಲಾರಿಯಲ್ಲಿ ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲಾ ದಾರಿಯಿಂದ ಕಾರವಾರಕ್ಕೆ. ಅಲ್ಲಿಂದ ದಡದ ಗುಂಟ ಹೊನ್ನಾವರ, ಭಟ್ಕಳ, ಮಲ್ಪೆ, ಮಂಗಳೂರು ಅಂತ ಸ್ವಲ್ಪ ಸ್ವಲ್ಪವೇ ಸಾಗಬೇಕು. ಬೆಳಿಗ್ಗೆ ನೆಲದ ಗಾಳಿಯಲ್ಲಿ ಹೊರಟು, ಮಧ್ಯಾಹ್ನದ ಕಡಲ ಗಾಳಿಯಲ್ಲಿ ಹಾಯಿ ತಿದ್ದುವುದನ್ನು ಕಲಿತು, ಸಂಜೆಯೊಳಗೆ ಅಳಿವೆ ಸೇರುವುದು. ದ್ವೀಪದ ಕಡೆ ತಿರುಗುವುದು ಡಿಸೆಂಬರ್ ಆದ ಮೇಲೆ, ಉತ್ತರದ ಗಾಳಿ ಬೆನ್ನಿಗೂ ಪಕ್ಕಕ್ಕೂ ಸಿಗುವ ತಿಂಗಳುಗಳಲ್ಲಿ. ಲಕ್ಷದ್ವೀಪಕ್ಕೆ ಕಾಲಿಡಲು ಪರವಾನಗಿ ಬೇಕು, ಆ ಕಾಗದಪತ್ರ ಹೆಂಡತಿ ನೋಡಿಕೊಳ್ಳುತ್ತಿದ್ದಾಳೆ. ಅದಕ್ಕೂ ಮೊದಲು ತುಂಗಭದ್ರೆಯ ಹಿನ್ನೀರಿನಲ್ಲಿ ತೇಲಿಸಿ, ಮರಳಿನ ಚೀಲ ಹೇರಿ ಎಷ್ಟು ತೂಕಕ್ಕೆ ಎಷ್ಟು ಮುಳುಗುತ್ತದೆ ಅಂತ ನೋಡಬೇಕು. ಅನುಮತಿಗೆ ಅರ್ಜಿ ಬರೆದಿಟ್ಟಿದ್ದೇವೆ.

ಮಳೆಗಾಲ ಶುರುವಾದ ಮೇಲೆ ಗ್ಲಾಸ್ ಕೆಲಸ ನಿಲ್ಲಿಸುತ್ತೇವೆ. ಅಷ್ಟರೊಳಗೆ ಎರಡನೇ ಒಡಲಿನ ಹೊರಮೈ ಮುಗಿಯಬೇಕು. ಮಳೆ ತಿಂಗಳುಗಳು ಹಾಯಿಗೆ. ಇದರ ಹಾಯಿ ಕೂವೆಮರದ ಸುತ್ತ ತೋಳಿನ ಹಾಗೆ ಹಾಕುವಂಥದ್ದು, ಮೇಲೆ ಒಂದು ಗಿಡ್ಡ ಅಡ್ಡಮರ. ಭತ್ತ ಒಣಗಿಸುವ ತಾಡಪತ್ರಿ ಹೊಲಿಯುವ ದರ್ಜಿಯೊಬ್ಬರ ಹತ್ತಿರ ಅಂಕುಡೊಂಕು ಹೊಲಿಗೆ ಬರುವ ದೊಡ್ಡ ಮೆಷಿನ್ ಇದೆ. ಹಾಯಿ ಬಟ್ಟೆಯ ತುಂಡೊಂದನ್ನು ಅವರಿಗೆ ಕೊಟ್ಟು ಬಂದಿದ್ದೇನೆ. ಯಾವ ದಾರ, ಯಾವ ಸೂಜಿ ಅಂತ ಹೊಲಿದು ನೋಡಿ ಹೇಳುತ್ತಾರೆ. ತೊಲೆಗಳ ಮರ ಕೊಯ್ಯಿಸುವುದು ದಸರಾ ಆದ ಮೇಲೆ.