‘ಅಲ್ಲಿ ಏನು ಹೇಳಿಕೊಡುತ್ತೀರಿ?’ ಎಂದು ಕೇಳುವವರಿಗೆ

ಶಿಡ್ಲಘಟ್ಟ ತಾಲ್ಲೂಕಿನ ನಮ್ಮೂರಿನಲ್ಲಿ ಒಂದರಿಂದ ಐದನೇ ತರಗತಿಯ ಮಕ್ಕಳನ್ನು ಶಾಲೆ ಬಿಟ್ಟ ಮೇಲೂ ಶಾಲೆಯ ಜಗಲಿಯಲ್ಲೇ ಕತ್ತಲಾಗುವವರೆಗೆ ನೋಡಿಕೊಳ್ಳುವ ಕೆಲಸ ನಮ್ಮದು. ನಾವು ಮೂವರು ಹೆಂಗಸರು. ಈ ಸುದ್ದಿ ಕಿವಿಗೆ ಬಿದ್ದವರೆಲ್ಲ ಕೇಳುವುದು ಒಂದೇ: ‘ಅಲ್ಲಿ ಏನು ಹೇಳಿಕೊಡುತ್ತೀರಿ?’ ಮೊದಮೊದಲು ನಗುತ್ತಲೇ ವಿವರಿಸುತ್ತಿದ್ದೆ. ಈಗ ನಗು ಬರುವುದಿಲ್ಲ. ಉತ್ತರ: ಏನನ್ನೂ ಹೇಳಿಕೊಡುವುದಿಲ್ಲ. ಸಾಕೇ?

ಸಾಕಾಗುವುದಿಲ್ಲ, ಗೊತ್ತು. ‘ಹಾಗಾದರೆ ಟ್ಯೂಷನ್ ಅಲ್ಲವೇ?’ ಅಲ್ಲ. ‘ಶಾಲೆಯ ಮೇಷ್ಟರೇ ಒಂದು ಗಂಟೆ ಟ್ಯೂಷನ್ ಹೇಳಬಹುದಿತ್ತಲ್ಲ?’ ಹೇಳುವಂತಿಲ್ಲ ಸ್ವಾಮಿ. ಶಿಕ್ಷಕರು ಖಾಸಗಿಯಾಗಿ ಟ್ಯೂಷನ್ ಮಾಡಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಹೇಳುತ್ತದೆ. ಐದನೇ ತರಗತಿಯವರೆಗಿನ ಮಕ್ಕಳಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ ನಡೆಯಬೇಕು ಎನ್ನುವುದೂ ಅದೇ ಕಾಯ್ದೆ. ಅಷ್ಟನ್ನು ಕೂತು ಕೇಳಿ ಬಂದ ಏಳು ವರ್ಷದ ಮಗುವನ್ನು ಬೆನ್ನಿನ ಚೀಲ ಇಳಿಸುವ ಮುಂಚೆಯೇ ‘ಎಲ್ಲಿ, ಮಗ್ಗಿ ಒಪ್ಪಿಸು’ ಎನ್ನುವ ಉತ್ಸಾಹ ನನಗಿಲ್ಲ. ಅದು ಉಳ್ಳವರು ಬೇಕಾದಷ್ಟು ಮಂದಿ ಇದ್ದಾರೆ. ಬಸ್ ನಿಲ್ದಾಣದ ಎದುರಿನ ಗೋಡೆಯ ತುಂಬ ಅವರ ಬೋರ್ಡುಗಳೇ.

ಚಿಂತಾಮಣಿಯಲ್ಲಿ ನಂಟರೊಬ್ಬರ ಮದುವೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಗಂಡಿನ ಕಡೆಯ ಹಿರಿಯರೊಬ್ಬರು ಕುಳಿತರು. ನಿವೃತ್ತ ಅಧಿಕಾರಿ. ಕೋಸಂಬರಿ ಬಡಿಸುವಷ್ಟರಲ್ಲಿ ಯಾರೋ ನನ್ನ ಪರಿಚಯ ಮಾಡಿಕೊಟ್ಟುಬಿಟ್ಟರು. ‘ಏನಮ್ಮ, ಓದುವ ಮಕ್ಕಳನ್ನು ಆಡಿಸುತ್ತಾ ಕೂರುತ್ತೀರಂತೆ? ಇದು ವಿಶ್ವೇಶ್ವರಯ್ಯನವರು ಹುಟ್ಟಿದ ಜಿಲ್ಲೆಯಮ್ಮ. ಬೀದಿ ದೀಪದ ಕೆಳಗೆ ಓದಿದವರು ಅವರು’ ಎಂದರು. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಮಕ್ಕಳ ವಿಷಯ ಎತ್ತಿದರೆ ಮಾತು ಮುದ್ದೇನಹಳ್ಳಿಯನ್ನು ಮುಟ್ಟದೆ ಮುಗಿಯುವುದಿಲ್ಲ. ನಾನೂ ಬಿಡಲಿಲ್ಲ. ‘ಹೌದು, ಬೆಂಗಳೂರಿನಲ್ಲಿ ಓದುವಾಗ ಖರ್ಚಿಗಾಗಿ ಬೇರೆಯವರ ಮಕ್ಕಳಿಗೆ ಮನೆಪಾಠ ಹೇಳುತ್ತಿದ್ದರು. ಹೇಳಿದವರು ವಿಶ್ವೇಶ್ವರಯ್ಯ ಆದರು. ಹೇಳಿಸಿಕೊಂಡ ಮಕ್ಕಳು ಏನಾದರು ಸರ್, ನಿಮಗೇನಾದರೂ ಗೊತ್ತೇ?’ ಎಂದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ‘ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳಮ್ಮ’ ಎಂದರು. ಹಾಕಿಸಿಕೊಂಡೆ.

ಇಂಥ ಕಾರ್ಯಕ್ರಮಕ್ಕೆ ಯೋಜನೆ ಎಂದರೆ ಗೋಡೆಗೆ ಅಂಟಿಸುವ ವೇಳಾಪಟ್ಟಿ ಎಂದು ಎಲ್ಲರೂ ತಿಳಿದಿದ್ದಾರೆ. ನಮ್ಮ ತಲೆ ಕೆಟ್ಟಿದ್ದು ಬೇರೆಯದಕ್ಕೆ. ಮಧ್ಯಾಹ್ನದ ಬಿಸಿಯೂಟ ಸಂಜೆ ನಾಲ್ಕೂವರೆಯ ಹೊತ್ತಿಗೆ ಎಲ್ಲಿ ಉಳಿದಿರುತ್ತದೆ? ಹಸಿದ ಮಗು ಆಡುವುದಿಲ್ಲ, ಜಗಳವಾಡುತ್ತದೆ. ಹಾಗಾಗಿ ಮೊದಲು ಹುರಿದ ಕಡಲೆಕಾಯಿ ಬೀಜ, ಬೆಲ್ಲ, ನೀರು, ಮಿಕ್ಕಿದ್ದೆಲ್ಲ ಆಮೇಲೆ. ಶಾಲೆಯ ಬೀಗದ ಕೈ ಯಾರ ಬಳಿ ಇರಬೇಕು ಎಂಬುದೊಂದನ್ನೇ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಬೋರ್‌ವೆಲ್ ವಿಷಯಕ್ಕಿಂತ ಹೆಚ್ಚು ಹೊತ್ತು ಚರ್ಚಿಸಿತು. ಶೌಚಾಲಯಕ್ಕೆ ಸಂಜೆಯೂ ನೀರು ಬರಬೇಕು. ಜೂನಿನಲ್ಲಿ ಆರೂವರೆಗೂ ಬೆಳಕಿರುತ್ತದೆ, ಡಿಸೆಂಬರಿನಲ್ಲಿ ಆರಕ್ಕೆಲ್ಲ ಮಬ್ಬು, ಆದ್ದರಿಂದ ಮನೆಗೆ ಬಿಡುವ ಸಮಯ ಋತುವಿನ ಜೊತೆ ಬದಲಾಗಬೇಕು. ಕೆರೆ ಕಡೆಯ ಮನೆಗಳ ಮಕ್ಕಳು ಒಟ್ಟಿಗೇ ಹೊರಡಬೇಕು; ಆ ದಾರಿಯಲ್ಲಿ ನಾಯಿಗಳಿವೆ. ಇನ್ನು ಚಟುವಟಿಕೆಯೆಂದರೆ ಕುಂಟೆಬಿಲ್ಲೆ, ಲಗೋರಿ, ಚೌಕಾಬಾರ, ಮಳೆ ಬಂದರೆ ಕಥೆ ಪುಸ್ತಕ. ಮನೆಯಲ್ಲಿ ತೆಲುಗು ಮಾತನಾಡುವ ಮಕ್ಕಳು ನಮ್ಮಲ್ಲಿ ಬಹಳ. ಲಗೋರಿಯಲ್ಲಿ ಜಗಳವಾಡುವ ಹೊತ್ತಿಗೆ ಅವರಿಗೆ ಕನ್ನಡ ಎಲ್ಲಿಂದ ಬರುತ್ತದೋ, ಸರಾಗವಾಗಿ ಬರುತ್ತದೆ.

ಎಲ್ಲಕ್ಕಿಂತ ದೊಡ್ಡದು ಹುಳುವಿನ ಲೆಕ್ಕ. ನಮ್ಮದು ರೇಷ್ಮೆ ಸೀಮೆ. ಪರೀಕ್ಷೆಯ ವೇಳಾಪಟ್ಟಿ ತಿಳಿಯದಿದ್ದರೂ ನಡೆದೀತು, ಯಾರ ಮನೆಗೆ ಯಾವಾಗ ಚಾಕಿ ಮರಿ (ಎಳೆಯ ರೇಷ್ಮೆಹುಳು) ಬಂತು ಎಂಬುದು ನಮಗೆ ತಿಳಿಯದಿದ್ದರೆ ಕೆಲಸ ನಡೆಯುವುದಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಅದನ್ನು ಬರೆದಿಡುತ್ತೇವೆ. ಹುಳು ಪೊರೆ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳು ಸೊಪ್ಪಿಗೆ ಬೀಳುವ ರಭಸ ನೋಡಬೇಕು: ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇಕಡಾ 80ಕ್ಕೂ ಹೆಚ್ಚನ್ನು ಆ ಒಂದು ವಾರದ ಆಸುಪಾಸಿನಲ್ಲೇ ಮುಗಿಸುತ್ತದೆ. ಆ ವಾರ ಅಪ್ಪ ಅಮ್ಮ ಇಬ್ಬರೂ ತೋಟದಲ್ಲಿ, ಇಲ್ಲವೇ ಹುಳುಮನೆಯಲ್ಲಿ. ಸಂಜೆ ಹಸು ಕರೆದು ಡೈರಿಗೆ ಹಾಲು ಹಾಕಿ ಬರುವ ಕೆಲಸವಂತೂ ತಪ್ಪುವುದಿಲ್ಲ. ಹುಳು ಹಣ್ಣಾಯಿತೆಂದರೆ ಮನೆಯ ಎಲ್ಲ ಕೈಗಳೂ ಬೇಕು. ಮೇವು ಬಿಟ್ಟು, ಮೈ ಹಳದಿಗೆ ತಿರುಗಿ ಹೊಳೆಯುತ್ತಾ ತಲೆ ಎತ್ತಿ ಆಡಿಸುವ ಹುಳುವನ್ನು ಮಾತ್ರ ಆರಿಸಿ ಚಂದ್ರಿಕೆಗೆ (ಹುಳು ಗೂಡು ಕಟ್ಟುವ ತಟ್ಟಿಗೆ) ಬಿಡುವುದರಲ್ಲಿ ಮೂರನೇ ತರಗತಿಯ ಮಕ್ಕಳ ಕಣ್ಣು ನಮ್ಮ ಕಣ್ಣಿಗಿಂತ ಚುರುಕು. ಆ ಒಂದು ದಿನ ಅವರು ಬರದಿದ್ದರೆ ನಾನು ಚಕಾರ ಎತ್ತುವುದಿಲ್ಲ. ಅದರ ಹಿಂದಿನ ವಾರ ಬರಲೇಬೇಕು, ಏಕೆಂದರೆ ಮನೆಯಲ್ಲಿ ಅವರನ್ನು ನೋಡುವವರೇ ಇರುವುದಿಲ್ಲ.

ನನ್ನನ್ನು ಯಾರಾದರೂ ‘ಇವತ್ತು ಯಾರು ಬರಲಿಲ್ಲ?’ ಎಂದು ಕೇಳಬಾರದೇ ಎಂದು ಎಷ್ಟೋ ಸಲ ಅನ್ನಿಸಿದೆ. ಬಂದ ಮಕ್ಕಳ ಫೋಟೋ ಕೇಳುವವರಿಗೆ ಬರಗಾಲವಿಲ್ಲ. ಬಾರದವರು ಯಾರೆಂದು ಹಾಜರಿ ಪುಸ್ತಕ ತಿರುವಿ ನೋಡಿದರೆ ಹೆಚ್ಚಿನವು ನಾಲ್ಕು, ಐದನೇ ತರಗತಿಯ ಹುಡುಗಿಯರ ಹೆಸರು. ಅಂಗನವಾಡಿ ಸಂಜೆಗೆ ಮುಂಚೆಯೇ ಮುಚ್ಚುತ್ತದೆ, ಅಲ್ಲಿಂದ ಬಂದ ತಮ್ಮ ತಂಗಿಯರನ್ನು ನೋಡಿಕೊಳ್ಳುವುದು ಇವರ ಪಾಲಿನ ಕೆಲಸ. ‘ಕರೆದುಕೊಂಡೇ ಬನ್ನಿ’ ಎಂದೆವು. ಮಾರನೆಯ ದಿನವೇ ಒಬ್ಬಳು ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು, ಹಾಗೆಯೇ ಕುಂಟೆಬಿಲ್ಲೆಗೂ ಇಳಿದಳು. ಎರಡನೇ ಮನೆಗೆ ಕುಂಟುವಷ್ಟರಲ್ಲಿ ಆ ಮಗು ಅವಳ ಜಡೆ ಹಿಡಿದು ಎಳೆದು, ಗೆರೆ ತುಳಿಸಿತು. ಔಟ್. ಗೆಳತಿಯರು ಒಂದಿಷ್ಟೂ ರಿಯಾಯಿತಿ ತೋರಿಸಲಿಲ್ಲ.

ಅಂದಿನಿಂದ ಜಗಲಿಯ ಒಂದು ಮೂಲೆ ಚಿಕ್ಕವರಿಗೆ ಮೀಸಲು. ಚಾಪೆ, ಹಳೆಯ ಸೀರೆ, ಅಲ್ಯೂಮಿನಿಯಂ ಲೋಟಗಳು, ನಮ್ಮಲ್ಲಿ ಒಬ್ಬರು ಅಲ್ಲೇ. ಕಡಲೆಕಾಯಿ ಬೀಜ ಅವರ ಗಂಟಲಿಗೆ ಸಿಕ್ಕಿಕೊಳ್ಳಬಹುದು, ಅದಕ್ಕೇ ಅವರಿಗೆ ಬಾಳೆಹಣ್ಣು. ಬಾಳೆಹಣ್ಣಿನ ಖರ್ಚು ಯಾರದೆಂದು ಕೇಳುವವರು ದಯವಿಟ್ಟು ಒಂದು ಗೊನೆ ತೆಗೆದುಕೊಂಡು ಬಂದು ಕೇಳಿ.

ಅದೇ ಮನೆಗಳ ಹುಡುಗರು ಮಾತ್ರ ಕೈ ಬೀಸಿಕೊಂಡು ಬರುತ್ತಿದ್ದರು. ಪೋಷಕರ ಸಭೆಯಲ್ಲಿ ಇದನ್ನು ಎತ್ತಿದೆ. ‘ಅವನು ಎತ್ತಿಕೊಂಡರೆ ಮಗು ಅಳುತ್ತದಲ್ಲಕ್ಕ’ ಎಂದರು ಒಬ್ಬ ತಾಯಿ. ‘ಅಳಲಿ, ಅವನ ಕೈಯಲ್ಲೇ ಕಳಿಸಿ’ ಎಂದೆ. ಹಿಂದೆ ನಿಂತಿದ್ದ ಅಪ್ಪಂದಿರು ನಕ್ಕರು. ಈಗ ಇಬ್ಬರು ಹುಡುಗರು ತಂಗಿಯರನ್ನು ಕರೆತರುತ್ತಿದ್ದಾರೆ. ಮಿಕ್ಕ ಮನೆಗಳಲ್ಲಿ ‘ನೋಡೋಣ’ ಎಂದಿದ್ದಾರೆ. ಈ ಬೆಳೆಯ ಗೂಡು ಮಾರುಕಟ್ಟೆಗೆ ಹೋಗಲಿ, ಮತ್ತೆ ಹೋಗಿ ಕೇಳುತ್ತೇನೆ.