ಮನೆಯ ಕೋಣೆಯಲ್ಲಿ ಹುಟ್ಟಿದ ಅರೀವಾ

ಬೆಳಗ್ಗಿಂದ ಲಂಡನ್ನಿನ ಅರೀವಾ ರೆಕಾರ್ಡ್ ಕಂಪನಿಯ ಹಳೇ ರೆಗೇ (ಜಮೈಕಾ ಮೂಲದ ಸಂಗೀತ) ಹಾಡುಗಳೇ ಕಿವಿಯಲ್ಲಿ. ಗಯಾನಾದಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಲಂಡನ್ನಿಗೆ ಬಂದ ನೀಲ್ ಫ್ರೇಸರ್ 1979ರಲ್ಲಿ ಇದನ್ನು ಶುರು ಮಾಡಿದ್ದು ದಕ್ಷಿಣ ಲಂಡನ್ನಿನ ಥಾರ್ನ್‌ಟನ್ ಹೀತ್‌ನ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ. ಚಿಕ್ಕಂದಿನಿಂದಲೂ ಎಲೆಕ್ಟ್ರಾನಿಕ್ಸ್ ಹುಚ್ಚು, ಹಾಗಾಗಿ ಮ್ಯಾಡ್ ಪ್ರೊಫೆಸರ್ ಅನ್ನೋ ಹೆಸರೇ ಅಂಟಿಕೊಂಡಿತು. ಇದ್ದದ್ದು ನಾಲ್ಕು ಟ್ರ್ಯಾಕಿನ, ಅಂದರೆ ನಾಲ್ಕೇ ಪದರಗಳಲ್ಲಿ ದನಿ ಹಿಡಿಯೋ ಸ್ಟುಡಿಯೊ, ಅಷ್ಟೇ. ಅಷ್ಟರಲ್ಲೇ ಡಬ್ ಮಾಡಿದರು, ಅಂದರೆ ರೆಕಾರ್ಡಾದ ಹಾಡನ್ನೇ ಬಿಡಿಸಿ ಹೊಸದಾಗಿ ಮಿಕ್ಸ್ ಮಾಡೋದು: ಹಾಡುವ ದನಿ ಅರ್ಧಕ್ಕೇ ಮಾಯ, ಬೇಸು ಎದೆಗೆ ಗುದ್ದುತ್ತದೆ, ಗಿಟಾರಿನ ಒಂದೇ ಏಟು ಪ್ರತಿಧ್ವನಿಯಾಗಿ ದೂರ ಹೋಗುತ್ತಾ ಇರುತ್ತದೆ. 1995ರಲ್ಲಿ ಬ್ರಿಟನ್ನಿನ ಮ್ಯಾಸಿವ್ ಅಟ್ಯಾಕ್ ಸಂಗೀತ ತಂಡ ತನ್ನ ಆಲ್ಬಮ್ಮನ್ನು ಡಬ್ ಮಾಡೋಕೆ ಇವರ ಕೈಗೇ ಕೊಟ್ಟಿತು. ರೆಕಾರ್ಡಿಂಗೂ ತಮ್ಮದೇ, ಬಿಡುಗಡೆಯೂ ತಮ್ಮದೇ ಆದಾಗ ಬರೋ ಧೈರ್ಯವೇ ಬೇರೆ, ಅಲ್ವಾ? ನನಗಂತೂ ಅರೀವಾದ ಹಾಡುಗಳಲ್ಲಿ ಜಾಸ್ತಿ ಇಷ್ಟ ಸಾಂಡ್ರಾ ಕ್ರಾಸ್ ಹಾಡಿದ ಲವರ್ಸ್ ರಾಕ್, ಅಂದರೆ ಪ್ರೇಮದ ಮೆದು ರೆಗೇ. ಕೇಳದವರು ಇವತ್ತೇ ಕೇಳಿ.