ಸಿಸ್ಟರ್, ನಿಮ್ಮ ನಂಬರ್ ಕೊಡ್ತೀರಾ?

ಡಿಸ್ಚಾರ್ಜ್ ದಿನ ಬಟ್ಟೆಬರೆ ಬ್ಯಾಗಿಗೆ ತುಂಬುತ್ತಾ ಹೆಚ್ಚುಕಮ್ಮಿ ಎಲ್ಲರೂ ಕೇಳುವ ಪ್ರಶ್ನೆ ಇದು. ನಾನು ಕೊಡುವುದಿಲ್ಲ. ಮುಖ ಸಣ್ಣದಾಗುತ್ತದೆ. "ಇಷ್ಟು ದಿನ ಮನೆ ಮಗಳ ಥರ ನೋಡ್ಕೊಂಡ್ರಿ, ಈಗೇನಾಯ್ತು?" ಊರಿಗೆ ಹೋದರೆ ಚಿಕ್ಕಮ್ಮನೂ ಇದನ್ನೇ ಬೇರೆ ಥರ ಕೇಳುತ್ತಾರೆ: "ರೋಗಿಗಳನ್ನ ಹಚ್ಕೋಬಾರ್ದು ಅಂತ ನಿಮಗೆ ಕಾಲೇಜಲ್ಲೇ ಹೇಳ್ಕೊಡ್ತಾರಂತೆ, ಹೌದಾ?"

ಹಚ್ಚಿಕೊಳ್ಳದೆ ಈ ಕೆಲಸ ಮಾಡೋಕಾಗಲ್ಲ ಚಿಕ್ಕಮ್ಮ. ಅದಕ್ಕೆ ನಮ್ಮ ವಾರ್ಡಿನ 11ನೇ ಬೆಡ್‌ನ ತಾತನ ಕಥೆಯನ್ನೇ ಹೇಳುತ್ತೇನೆ.

ಸಕ್ಕರೆ ಕಾಯಿಲೆ, ಅಂಗಾಲಿನಲ್ಲಿ ಗಾಯ. ದಿನಾ ಬೆಳಗ್ಗೆ ಡ್ರೆಸ್ಸಿಂಗ್. ಗಾಯಕ್ಕೆ ಅಂಟಿದ ಗಾಜ್ ಬಟ್ಟೆಯನ್ನು ಹಾಗೇ ಎಳೆದರೆ ಅಡಿಯಲ್ಲಿ ಹುಟ್ಟುತ್ತಿರುವ ಹೊಸ ಚರ್ಮವೂ ಕಿತ್ತು ಬರುತ್ತದೆ. ಸಲೈನ್ ಸುರಿದು ನೆನೆಸಿ ಕಾಯಬೇಕು. "ನೀ ಎಳೆದುಬಿಡು ಮಗ, ನಂಗೆ ನೋವೇ ಆಗಲ್ಲ" ಅನ್ನುತ್ತಿದ್ದರು ತಾತ. ನೋವಾಗದೇ ಇರುವುದೇ ತೊಂದರೆ. ನರ ಸತ್ತ ಕಾಲಿಗೆ ಮುಳ್ಳು ಚುಚ್ಚಿದರೂ ಗೊತ್ತಾಗಲ್ಲ. ಗಾಯ ಅಷ್ಟು ದೊಡ್ಡದಾಗಿದ್ದು ಹಾಗೇ.

ಗಾಜ್ ನೆನೆಯುವ ಆ ಐದು ನಿಮಿಷ ಇಬ್ಬರಿಗೂ ಬೇರೆ ಕೆಲಸ ಇರುವುದಿಲ್ಲ. ಮಾತು ಬರುವುದು ಆಗಲೇ. ಮೊದಲ ವಾರ ಮಳೆ, ರಾಗಿ ರೇಟು. ಆಮೇಲೆ ಒಂದು ದಿನ ದನಿ ತಗ್ಗಿಸಿ, "ನಿಂಗೊಂದು ಹೇಳ್ತೀನಿ, ಯಾರ್ಗೂ ಹೇಳ್ಬೇಡ" ಅಂದರು.

ಇಂಥ ಹೊತ್ತಲ್ಲಿ "ಇಲ್ಲ ಹೇಳಲ್ಲ, ಹೇಳಿ" ಅನ್ನುವುದು ಸುಲಭ. ನಾನು ಅನ್ನಲ್ಲ. "ನಿಮ್ಮ ಚಿಕಿತ್ಸೆಗೆ ಬೇಕಾದ ವಿಷಯ ಆದ್ರೆ ಡಾಕ್ಟರ್‌ಗೆ ಹೇಳ್ಬೇಕಾಗುತ್ತೆ ತಾತ. ಬೇರೆ ಯಾರಿಗೂ ಹೇಳಲ್ಲ" ಅಂದೆ. ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಹೇಳಿದರು. ಎರಡು ತಿಂಗಳಿಂದ ಇನ್ಸುಲಿನ್ ಚುಚ್ಚಿಕೊಂಡೇ ಇರಲಿಲ್ಲವಂತೆ. ಮಗ ತಂದುಕೊಟ್ಟಿದ್ದು ಪಕ್ಕದ ಮನೆಯ ಫ್ರಿಜ್ಜಿನಲ್ಲಿತ್ತು. ದಿನಕ್ಕೆರಡು ಸಲ ಅವರ ಬಾಗಿಲು ತಟ್ಟೋಕೆ ನಾಚಿಕೆ.

ಕೇಸ್ ಶೀಟಿನಲ್ಲಿ ಬರೆದಿದ್ದು ಬೇರೆ: "ದಿನಾ ಇನ್ಸುಲಿನ್ ತಗೊಳ್ಳುತ್ತಿದ್ದಾರೆ, ಆದರೂ ಶುಗರ್ ಜಾಸ್ತಿ." ಅದನ್ನು ನಂಬಿ ಮನೆಗೆ ಹೆಚ್ಚಿನ ಡೋಸ್ ಬರೆದುಕೊಟ್ಟಿದ್ದರೆ, ತಾತ ಅದನ್ನು ಸರಿಯಾಗಿ ಚುಚ್ಚಿಕೊಂಡಿದ್ದರೆ, ಶುಗರ್ ಇಳಿದು ಪ್ರಜ್ಞೆ ತಪ್ಪಬಹುದಿತ್ತು. ಡಾಕ್ಟರ್‌ಗೆ ಹೇಳಿದೆ. ಮಗನಿಗೆ ಹೇಳಲಿಲ್ಲ. ಅವರು ಕಾರಿಡಾರಿನಲ್ಲಿ ನಿಲ್ಲಿಸಿ, "ಅಪ್ಪ ಏನೋ ಹೇಳ್ತಿದ್ರಲ್ಲ ಸಿಸ್ಟರ್" ಅಂದಾಗಲೂ, "ಅವರನ್ನೇ ಕೇಳಿ" ಅಂದೆ. ತಾತನಿಗೆ ಫ್ರಿಜ್ ಇಲ್ಲದೆ ಇನ್ಸುಲಿನ್ ಇಟ್ಟುಕೊಳ್ಳೋದು ತೋರಿಸಿಕೊಟ್ಟೆ. ಬಳಸುತ್ತಿರುವ ಬಾಟಲಿಯನ್ನು ಒದ್ದೆ ಮಣ್ಣಿನ ಮಡಕೆಯ ತಂಪಿನಲ್ಲಿ, ನೀರು ತಾಗದ ಹಾಗೆ ಇಡಬಹುದು. ಅಷ್ಟು ಸಣ್ಣ ವಿಷಯ. ಹಚ್ಚಿಕೊಳ್ಳದಿದ್ದರೆ ಅದು ಹೊರಗೇ ಬರುತ್ತಿರಲಿಲ್ಲ, ಅಲ್ವಾ?

ಹಾಗಾದರೆ ನಂಬರ್ ಯಾಕೆ ಕೊಡಲ್ಲ? ಒಂದು ಸಲ ಕೊಟ್ಟಿದ್ದೆ. ಕೆಲಸಕ್ಕೆ ಸೇರಿ ಎರಡನೇ ವರ್ಷ. ಮನೆಗೆ ಹೋಗಿದ್ದ ಒಬ್ಬ ಅಮ್ಮನ ಮಗಳು ರಾತ್ರಿ ಹನ್ನೊಂದೂವರೆಗೆ ಫೋನ್ ಮಾಡಿದರು. "ಅಮ್ಮಂಗೆ ಎದೆ ಉರಿ, ಗ್ಯಾಸ್ ಮಾತ್ರೆ ಕೊಡ್ಲಾ?" ಮೂರು ನೈಟ್ ಡ್ಯೂಟಿ ಮುಗಿಸಿ ಮಲಗಿದ್ದೆ. "ಕೊಡಿ" ಅಂದುಬಿಟ್ಟೆ. ಫೋನಿಟ್ಟ ಮೇಲೆ ಎಚ್ಚರ ಆಯಿತು. ಆ ಅಮ್ಮನಿಗೆ ಶುಗರ್ ಇದೆ. ಶುಗರ್ ಇರುವವರಿಗೆ ಹೃದಯಾಘಾತ ಬರೀ ಎದೆ ಉರಿಯ ಥರವೂ ಬರಬಹುದು. ಬಿ.ಪಿ. ನೋಡಿಲ್ಲ, ಇಸಿಜಿ ಇಲ್ಲ, ಮುಖವನ್ನೂ ನೋಡಿಲ್ಲ. ವಾಪಸ್ ಫೋನ್ ಮಾಡಿ ಆಸ್ಪತ್ರೆಗೆ ಕಳಿಸಿದೆ. ಬರೀ ಗ್ಯಾಸೇ ಆಗಿತ್ತು. ಅದು ನನ್ನ ಅದೃಷ್ಟ. ವಾರ್ಡಿನಲ್ಲಿದ್ದರೆ ಹಾಗೆ ಹೇಳುತ್ತಲೇ ಇರಲಿಲ್ಲ.

ಈಗ ಚೀಟಿಯ ಹಿಂದೆ ವಾರ್ಡಿನ ನಂಬರ್ ಬರೆದುಕೊಡುತ್ತೇನೆ. ತುರ್ತು ಇದ್ದರೆ 108, ಸಲಹೆ ಬೇಕಿದ್ದರೆ 104, ಹೊರರೋಗಿ ವಿಭಾಗಕ್ಕೆ ಬರಬೇಕಾದ ದಿನ. ವಾರ್ಡಿಗೆ ಫೋನ್ ಮಾಡಿದರೆ ಎದ್ದು ಕೂತಿರುವವರು ಎತ್ತುತ್ತಾರೆ, ಕೇಸ್ ಶೀಟ್ ಕೈಗೆ ಸಿಗುವ ದೂರದಲ್ಲಿರುತ್ತದೆ.

ನಮಗೆ ಪಾಠದಲ್ಲಿ ಹಿಲ್ಡೆಗಾರ್ಡ್ ಪೆಪ್ಲೌ ಎಂಬ ಅಮೆರಿಕದ ನರ್ಸ್ ಬರುತ್ತಾರೆ. ನರ್ಸ್ ಮತ್ತು ರೋಗಿಯ ಸಂಬಂಧಕ್ಕೆ ಹಂತಗಳಿವೆ ಅಂತ 1952ರಲ್ಲೇ ಬರೆದವರು. ಶುರುವಾಗುವುದು ಅಪರಿಚಿತರಾಗಿ, ಮುಗಿಯುವುದು ರೋಗಿಗೆ ನರ್ಸ್ ಬೇಡವಾದಾಗ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ, ಅಷ್ಟೇ. ಅರ್ಥವಾಗಿದ್ದು ಆ ಫೋನಿನ ರಾತ್ರಿ. ಇನ್ನೊಂದು ಲೆಕ್ಕವೂ ಇದೆ. ಸಾಮಾನ್ಯ ಆಸ್ಪತ್ರೆಗಳಲ್ಲಿ ಮೂರೂ ಪಾಳಿ ಸೇರಿ 5 ಹಾಸಿಗೆಗೆ ಒಬ್ಬ ನರ್ಸ್, ಅಂದರೆ ಒಂದು ಪಾಳಿಗೆ 15ಕ್ಕೆ ಒಬ್ಬರು ಇರಬೇಕು ಅನ್ನುತ್ತದೆ ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ನಮ್ಮ ವಾರ್ಡಿನಲ್ಲಿ ರಾತ್ರಿ 30ಕ್ಕೆ ಒಬ್ಬಳು. ಮನೆಗೆ ಹೋದವರೂ ತಲೆಯಲ್ಲಿ ಉಳಿದರೆ 12ನೇ ಬೆಡ್‌ನವರಿಗೆ ಏನು ಉಳಿಯುತ್ತದೆ?

ದುಡ್ಡಿನ ವಿಷಯಕ್ಕೆ ಜಾಸ್ತಿ ಮಾತು ಬೇಡ. ಅಂಗೈಗೆ ತುರುಕುವ ನೂರರ ನೋಟು ವಾಪಸ್. ಪ್ರೀತಿಯಿಂದಲೇ ಕೊಡುತ್ತಾರೆ, ಆದರೆ ಪಕ್ಕದ ಬೆಡ್‌ನವರು ನೋಡುತ್ತಿರುತ್ತಾರೆ. "ನಾವೂ ಕೊಡ್ಬೇಕೇನೋ" ಅಂತ ಅವರು ಸೆರಗಿನ ಗಂಟು ಬಿಚ್ಚುವುದನ್ನು ನೋಡಿದ ಮೇಲೆ ನನಗೆ ಗೊಂದಲವೇ ಉಳಿದಿಲ್ಲ. (ಅವರೆಕಾಯಿ ಕಾಲದಲ್ಲಿ ಬಂದ ಒಂದು ಚೀಲ ಕಾಯಿಯನ್ನು ಆಯಾ, ಡಾಕ್ಟರ್ ಎಲ್ಲರೂ ಹಂಚಿಕೊಂಡಿದ್ದೇವೆ. ಅದನ್ನು ವಾಪಸ್ ಕಳಿಸುವಷ್ಟು ಗಟ್ಟಿ ನಾನಲ್ಲ.)

ತಾತ ಮೂರು ತಿಂಗಳಾದ ಮೇಲೆ ಚೆಕಪ್‌ಗೆ ಬಂದಿದ್ದರು. ವಾರ್ಡಿನ ಬಾಗಿಲಲ್ಲಿ ನಿಂತು, "ಡ್ರೆಸ್ಸಿಂಗ್ ಸಿಸ್ಟರ್ ಇದಾರಾ?" ಅಂತ ಕೇಳುತ್ತಿದ್ದರು. ಹೆಸರು ಮರೆತಿತ್ತು. ಗೋಡೆ ಹಿಡಿದು ಕಾಲೆತ್ತಿ ತೋರಿಸಿದರು. ಗಾಯ ಮಾಗಿತ್ತು, ಶುಗರ್ ಕಾಲಿಗೆ ಅಂತ ಕೊಡುವ ಮೆತ್ತನೆಯ ಎಂಸಿಆರ್ ಚಪ್ಪಲಿ ಹೊಸದರ ಹಾಗೆ ಹೊಳೆಯುತ್ತಿತ್ತು.

"ಮನೇಲಿ ಹಾಕ್ಕೊಳಲ್ವಾ ತಾತ?"

"ಮನೆಯೊಳಗೆ ಚಪ್ಪಲಿನಾ? ಏನ್ ಮಗ ನೀನು!"

ಮತ್ತೆ ಕೂರಿಸಿಕೊಂಡು ಹೇಳಬೇಕಾಯಿತು.